ಲಕ್ಕಮ್ಮನ ತಂಪು ಮನೆ

"ಇದು ಮನೆ ಅಲ್ಲ ಕಣಮ್ಮ. ಅನಧಿಕೃತ ರಚನೆ," ಎಂದ ಇಂಜಿನಿಯರ್ ಅಶೋಕ. ನಮ್ಮ ಬಾಗಿಲ ಎದುರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ನಿಂತಿದ್ದ.

ನಮ್ಮತ್ತೆ ಲಕ್ಕಮ್ಮ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. "ಅಂಗಂದ್ರೇನ್ ಸಾ?"

"ಹಕ್ಕುಪತ್ರ ಇಲ್ದೆ ಕಟ್ಕೊಂಡಿರೋದು. ಸರ್ಕಾರದ ಪ್ರಕಾರ ಇಲ್ಲಿ ಮನೇನೇ ಇಲ್ಲ. ಇಲ್ದಿರೋ ಮನೇನ ತಂಪು ಮಾಡೋಕೆ ನಾನು ಹೆಂಗಮ್ಮ ಬರೀಲಿ?"

"ಮನೆ ಇಲ್ವಾ? ಅಂಗಾರೆ ನನ್ನ ಎರಿಗೆ ಆಗಿದ್ದು ಎಲ್ಲಿ ಸಾ? ಇಗೋ, ಇವ್ನು ರಚನೇಲಿ ಬಿದ್ನಾ?" ಎಂದು ನನ್ನ ಗಂಡ ದೇವರಾಜನ ಕಡೆ ಕೈ ತೋರಿಸಿದಳು. ದೇವರಾಜ ತಲೆ ತಗ್ಗಿಸಿದ. ಸರ್ಕಾರದವರ ಮುಂದೆ ತಲೆ ತಗ್ಗಿಸುವುದು ಅವನಿಗೆ ಹುಟ್ಟಿನಿಂದ ಬಂದ ಕಲೆ.

ಅಶೋಕ ಬೈಕು ಹತ್ತಿ ಕೊಣನೂರಿನ ಕಡೆ ಹೋದ. ನಾವು ನಮ್ಮ ರಚನೆಯೊಳಗೆ ಹೋಗಿ ಮುದ್ದೆ ಉಂಡೆವು.

ಆಗ ಮಾರ್ಚಿ ತಿಂಗಳು. ಬಡವರ ಮನೆಗೆಂದು ಸರ್ಕಾರ 'ತಂಪು ಮನೆ' ಎಂಬ ಯೋಜನೆ ತಂದಿತ್ತು. ಶೀಟಿನ ಮೇಲೆ ಬಿಳಿ ಬಣ್ಣ, ಶೀಟಿನ ಕೆಳಗೆ ಶಾಖ ತಡೆಯುವ ಹಲಗೆ, ಕಡಿಮೆ ಕರೆಂಟಿನ ಫ್ಯಾನು, ಎರಡು ಬಲ್ಬು, ಎಲ್ಲ ಬಿಟ್ಟಿ. ಫ್ಯಾನು ಬಲ್ಬು ಯಾರಿಗೆ ಬೇಕಿತ್ತು! ನನಗೆ ಬೇಕಾಗಿದ್ದು ಆ ಹಲಗೆ ಒಂದೇ. ಮಧ್ಯಾಹ್ನವಾದರೆ ನಮ್ಮ ಮನೆಯೊಳಗೆ ಕೂರಲು ಆಗುತ್ತಿರಲಿಲ್ಲ. ನನ್ನ ಕೂಸಿನ ಮೈ ತುಂಬ ಸೆಕೆಗುಳ್ಳೆ ಎದ್ದು ಕೀವಾಗಿ, ಅರಕಲಗೂಡಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದೆ. ಡಾಕ್ಟರು ಮುಲಾಮು ಬರೆದು, ಮಗುವನ್ನು ತಣ್ಣಗಿರುವ ರೂಮಿನಲ್ಲಿ ಮಲಗಿಸಿ ಎಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆ. ನಮಗೆ ಗೊತ್ತಿದ್ದ ತಣ್ಣಗಿನ ರೂಮು ಎಂದರೆ ಕೆರೆ ಏರಿಯ ಹೊಂಗೆ ಮರದ ಬುಡ. ಆ ಬೇಸಿಗೆಯೆಲ್ಲ ಕೂಸು ಅಲ್ಲೇ ಮಲಗಿತು. ಇನ್ನೊಂದು ಬೇಸಿಗೆ ಅದು ಹಾಗೆ ನರಳುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಮಳೆ ಹಿಡಿದ ಮೇಲೆ ಅಶೋಕ ಮತ್ತೆ ಬಂದ. ಈ ಸಲ ಮೂಗಿಗೆ ಕರವಸ್ತ್ರವಿರಲಿಲ್ಲ, ಮುಖದಲ್ಲಿ ನಗು ಬೇರೆ.

"ನಿಮ್ಮ ಪುಣ್ಯ ಕಣಮ್ಮ. ಅರ್ಜಿಗಳೇ ಸಾಲ್ತಿಲ್ಲ ಅಂತ ಸರ್ಕಾರ ಅರ್ಹತೆ ಸಡಿಲ ಮಾಡಿದೆ. ಈಗ ಹಕ್ಕುಪತ್ರ ಬೇಡ. ಬೇರೆಯವರ ಜಾಗದಲ್ಲಿ ವಾಸ ಇದ್ರೂ ನೀವು ಬಡವರೇ."

"ಮೊದ್ಲು ಬಡವ್ರಲ್ವ ಸಾ ನಾವು?" ಎಂದಳು ಲಕ್ಕಮ್ಮ.

"ಇದ್ರಿ. ಆದ್ರೆ ಅರ್ಹ ಬಡವರು ಆಗಿರ್ಲಿಲ್ಲ. ಈಗ ಜಾಗದ ಯಜಮಾನರ ಹತ್ರ ಒಪ್ಪಿಗೆ ಬರೆಸ್ಕೊಂಡ್ ಬನ್ನಿ, ಸಾಕು."

ನಮ್ಮ ಕಾಲೋನಿ ಇರುವ ತುಂಡು ನೆಲ ತನ್ನದೆಂದು, ನಾವು ಕೂಲಿಗೆ ಹೋಗುವ ರಂಗಸ್ವಾಮಿಗೌಡ ಹೇಳುತ್ತಾನೆ. ಅವರಪ್ಪನೂ ಹೇಳುತ್ತಿದ್ದ. ಅಲ್ಲ ಎನ್ನಲು ನಮ್ಮ ಹತ್ತಿರ ಕಾಗದವಿಲ್ಲ. ಹೌದು ಎನ್ನಲು ಅವನ ಹತ್ತಿರವೂ ಇಲ್ಲ, ಆದರೆ ಟ್ರ್ಯಾಕ್ಟರಿದೆ.

ಅಶೋಕನನ್ನೇ ಮುಂದೆ ಮಾಡಿಕೊಂಡು ಹೋದೆವು. ಗೌಡ ಜಗಲಿಯಲ್ಲಿ ಕೂತಿದ್ದ. ಅಶೋಕನಿಗೆ ಕುರ್ಚಿ, ಕಾಫಿ ಬಂತು. ನಾವು ಅಂಗಳದ ಕೆಸರಿನಲ್ಲಿ ನಿಂತೆವು.

"ಏನ್ರಲಾ, ತಂಪು ಬೇಕಂತೆ ನಿಮ್ಗೆ? ತಂಪು! ಎಮ್ಮೆ ಅಂಗೆ ಕೆರೆಗೆ ಬಿದ್ಕಳಿ ಓಗ್ರಿ, ಯಾರ್ ಬ್ಯಾಡ ಅಂದೋರು?" ಎಂದು ಗೌಡ ತನ್ನ ಮಾತಿಗೆ ತಾನೇ ನಕ್ಕ. ಆಮೇಲೆ ಅಶೋಕ ಕೊಟ್ಟ ಕಾಗದ ಓದಿದ. ಓದುತ್ತ ಓದುತ್ತ ನಗು ನಿಂತಿತು.

"ಲೇ ದೇವ್ರಾಜ, ಸೊಪ್ಪು ಬೇಯ್ಸೋ ಕಾಲ್ದಲ್ಲಿ ಎಲ್ಲಿ ಮನೀಕತೀಯ?"

"ಬ್ಯಾರನ್ ತಾವ್ಲೇ ಗೌಡ್ರೆ. ಬೆಂಕಿ ನೋಡ್ಕಬೇಕಲ್ಲ."

"ನಿನ್ನೆಂಡ್ತಿ? ನಿಮ್ಮವ್ವ?"

"ಅವ್ರೂವೆ ಅಲ್ಲೇ."

"ಮತ್ತೆ ಅದ್ಕಿಂತ ಮನೆ ಬೇಕೇನ್ಲಾ? ಬರ್ಕಳಿ ಇಂಜಿನಿಯರ್ರೆ. ಬ್ಯಾರನ್ನೇ ಇವರ ಮನೆ. ಒಪ್ಗೆ ಕೊಟ್ಟಿದ್ದೀನಿ."

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಇಟ್ಟಿಗೆ ಕೋಣೆ. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ತಲೆಯ ಮಟ್ಟದಿಂದ ಮೇಲಕ್ಕೆ ಸಾಲುಸಾಲಾಗಿ ನೇತುಹಾಕುತ್ತಾರೆ. ಹೊರಗಿನ ಒಲೆಗೆ ಸೌದೆ ತುರುಕಿದರೆ, ನೆಲದ ಮೇಲೆ ಹಾಯುವ ತಗಡಿನ ಕೊಳವೆ ಕಾದು ಕೋಣೆಯೆಲ್ಲ ಕುದಿಯುತ್ತದೆ. ಅದರೊಳಗೆ ಇಲಿ ಕೂಡ ಸಂಸಾರ ಹೂಡುವುದಿಲ್ಲ.

"ಬುದ್ಧಿ, ಬೇಯ್ಸೋ ಬ್ಯಾರನ್ನಿಗೆ ತಂಪು ಯಾತಕ್ಕೆ ಬುದ್ಧಿ?" ಎಂದಳು ಲಕ್ಕಮ್ಮ.

"ನಿಂಗ್ಯಾತಕ್ಕಮ್ಮಿ ಅದು? ಎಬ್ಬೆಟ್ಟು ಒತ್ತು."

ನಾನು ಅಶೋಕನನ್ನು ಕೇಳಿದೆ, "ಸಾರ್, ಆಮೇಲೆ ನಮ್ಮ ಶೀಟಿನ ಮನೆಗೂ ಆಕ್ತೀರಾ?"

ಅವನು ಕಾಫಿ ಲೋಟದೊಳಗೆ ನೋಡುತ್ತ, "ಒಂದು ಕುಟುಂಬಕ್ಕೆ ಒಂದೇ ಸಲ. ಒಂದೇ ಮನೆ," ಎಂದ.

"ಅಂಗಾರೆ ಇದು ಬ್ಯಾಡ..." ಎನ್ನುವಷ್ಟರಲ್ಲಿ ಗೌಡ ಎದ್ದು ನಿಂತ. "ಬ್ಯಾಡ್ವಾ? ಓಗ್ರಲೇ ಬೋಳಿಮಕ್ಳ! ನಾಳೀಕೆ ಟ್ರ್ಯಾಕ್ಟ್ರು ಬತ್ತದೆ. ಶೀಟು ಸುತ್ಕಂಡು ಮಲ್ಲಿಪಟ್ಣಕ್ಕೋ ಮಸಣಕ್ಕೋ ಓಗಿ ಸಾಯ್ರಿ!"

ಲಕ್ಕಮ್ಮ ಹೆಬ್ಬೆಟ್ಟು ಒತ್ತಿದಳು. ಕೈ ಹಿಂದಕ್ಕೆ ತೆಗೆಯುವಾಗ ಮಸಿ ಜಗಲಿಯ ಕಂಬಕ್ಕೆ ತಾಗಿತು. "ಮುಂಡೇದೆ, ಕಂಬ ಮುಟ್ಟೀಯ?" ಎಂದು ಗೌಡ ಅವಳ ಸೆರಗಿನಿಂದಲೇ ಅದನ್ನು ಒರೆಸಿಸಿದ. ಅಶೋಕ ಕಾಫಿ ಮುಗಿಸಿ, ಲೋಟ ಚೆನ್ನಾಗಿದೆ ಎಂದ.

ಒಂದೇ ವಾರದಲ್ಲಿ ಆಳುಗಳು ಬಂದು ಬ್ಯಾರನ್ನಿನ ಶೀಟಿಗೆ ಹಾಲಿನಂತೆ ಬಿಳಿ ಬಣ್ಣ ಬಳಿದರು. ಕೆಳಗೆ ನನ್ನ ಕೂಸಿನ ಹಲಗೆ ಬಡಿದರು. ಫ್ಯಾನು ಹಾಕಿದರು. ಗೋಡೆಗೆ ಹಳದಿ ಬೋರ್ಡು ಜಡಿದರು: 'ತಂಪು ಮನೆ. ಫಲಾನುಭವಿ: ಶ್ರೀಮತಿ ಲಕ್ಕಮ್ಮ.' ಶ್ರೀಮತಿ ಎಂದು ಅವಳನ್ನು ಕರೆದಿದ್ದು ಆ ತಗಡು ಒಂದೇ.

ಮೊದಲ ಸಲ ಸೊಪ್ಪು ತುಂಬಿ ಬೆಂಕಿ ಹಾಕಿದಾಗ ಫ್ಯಾನಿನ ರೆಕ್ಕೆಗಳು ಮೆತ್ತಗಾಗಿ ಮೇಕೆಯ ಕಿವಿಯಂತೆ ಜೋತುಬಿದ್ದವು. ಗೌಡನಿಗೆ ಅದರ ಚಿಂತೆಯಿಲ್ಲ. ಹಲಗೆ ಬಂದ ಮೇಲೆ ಬಿಸಿ ಮೇಲಿನಿಂದ ಸೋರಿ ಹೋಗುವುದು ನಿಂತಿತ್ತು. ಅರ್ಧ ಸೌದೆ ಉಳಿಯಿತು. ಅವನು ಗಾಜಿನ ಕಿಂಡಿಗೆ ಕಣ್ಣಿಟ್ಟು, "ಸರ್ಕಾರ ಅಂದ್ರೆ ಇಂಗಿರ್ಬೇಕು ಕಣ್ಲಾ," ಎನ್ನುತ್ತಿದ್ದ.

ಅಶೋಕ ಮೊಬೈಲು ಹಿಡಿದು ತಪಾಸಣೆಗೆ ಬಂದ. ಮನೆಯ ಒಳಗೆ ಎಷ್ಟು ಶಾಖ, ಹೊರಗೆ ಎಷ್ಟು ಎಂದು ಅದರಲ್ಲಿ ತುಂಬಬೇಕಂತೆ. ಹೊರಗೆ ಜಿಟಿಜಿಟಿ ಮಳೆ, ಇಪ್ಪತ್ತನಾಲ್ಕು ಡಿಗ್ರಿ. ಒಳಗೆ ಐವತ್ತು. ಅವನು ಸ್ವಲ್ಪ ಹೊತ್ತು ಮೊಬೈಲನ್ನು ನೋಡಿದ.

"ಏನ್ ಸಾ, ತಪ್ಪಾಯ್ತಾ?" ಎಂದ ದೇವರಾಜ.

"ತಪ್ಪೇನಿಲ್ಲ. ಇದು ಕೇಳೋದು ವ್ಯತ್ಯಾಸ ಎಷ್ಟು ಅಂತ. ಯಾವ ಕಡೆಗೆ ವ್ಯತ್ಯಾಸ ಅಂತ ಕೇಳಲ್ಲ," ಎಂದು ಒತ್ತಿದ. ಮೊಬೈಲು ಟಿಂಗ್ ಎಂದಿತು.

ಬೇರೆಯವರ ಮನೆಗಳಲ್ಲಿ ನಾಲ್ಕೈದು ಡಿಗ್ರಿ ವ್ಯತ್ಯಾಸ ಬಂದರೆ ಹೆಚ್ಚು. ನಮ್ಮದು ಇಪ್ಪತ್ತಾರು. ಲಕ್ಕಮ್ಮನ ಮನೆ ಜಿಲ್ಲೆಗೇ ಮೊದಲು ಬಂತು.

ಹಾಸನದಿಂದ ದೊಡ್ಡ ಅಧಿಕಾರಿ ತೇಜಶ್ರೀ ಮೇಡಂ ಅದನ್ನು ನೋಡಲು ಹೊರಟುಬಿಟ್ಟರು. ಸುದ್ದಿ ಬಂದಿದ್ದು ಅವರ ಕಾರು ಗೊರೂರು ದಾಟಿದ ಮೇಲೆ. ಬ್ಯಾರನ್ ತುಂಬ ಸೊಪ್ಪಿತ್ತು. ಎಲೆ ಹಳದಿಗೆ ತಿರುಗಿ ಬಣ್ಣ ಕಟ್ಟುವ ಹೊತ್ತು ಅದು. ಆಗ ಶಾಖ ಇಳಿದರೆ ಅಷ್ಟೂ ಸೊಪ್ಪು ಕರಿಗಟ್ಟಿ, ಹರಾಜಿನಲ್ಲಿ ಮೂಸಿ ನೋಡುವವರೂ ಇರುವುದಿಲ್ಲ. ಗೌಡ ಪಂಚೆ ಎತ್ತಿ ಕಟ್ಟಿಕೊಂಡು ಓಡಾಡಿದ.

"ಲೇ, ನಿಮ್ಮ ಮಡ್ಕೆ ಕುಡ್ಕೆ ತಂದು ಒಳಗಿಡ್ರಲೇ! ಚಾಪೆ ಆಸು! ದೇವ್ರ ಪೋಟೋ ಎಲ್ಲಿ? ಲಕ್ಕಿ, ನೀನು ಬಾಗ್ಲಲ್ಲಿ ಕೂತು ನಗ್ತಾ ಇರು. ಕೇಳಿದ್ಕೆಲ್ಲ ಊಂ ಅನ್ನು. ಬೇರೆ ಮಾತಾಡಿದ್ಯೋ, ಅಲ್ಲುದುರುಸ್ತೀನಿ. ಬೆಂಕಿ ಮಾತ್ರ ಆರ್‌ಬಾರ್ದು!"

ನಾವು ನಮ್ಮ ಸಂಸಾರ ಹೊತ್ತು ತಂದು ಕಾದ ಕೊಳವೆಗಳ ನಡುವೆ ಜೋಡಿಸಿದೆವು. ನಮ್ಮ ಪ್ಲಾಸ್ಟಿಕ್ ಬಿಂದಿಗೆ ನೋಡುನೋಡುತ್ತ ಸೊಟ್ಟಗಾಯಿತು.

ಮೂರು ಕಾರು ಬಂದವು. ಮೇಡಂ ಬಗ್ಗಿ ಒಳಗೆ ಬಂದರು. ಕನ್ನಡಕ ಮಂಜಾಯಿತು.

"ಇದೇನು ಇಷ್ಟು ಸೆಕೆ?"

"ಶಾಖ ಹೊರಗೆ ಹೋಗ್ತಿಲ್ಲ ಮೇಡಂ. ಅಷ್ಟು ಚೆನ್ನಾಗಿದೆ ನಮ್ಮ ಕೆಲಸ," ಎಂದ ಅಶೋಕ.

"ಮೇಲೆ ನೇತಾಡ್ತಿರೋದು?"

"ತೋರಣ ಮೇಡಂ. ತಾವು ಬರ್ತೀರಂತ."

ಮೇಡಂ ಕನ್ನಡಕ ಒರೆಸಿಕೊಂಡು ತಲೆಯೆತ್ತಿ ತೋರಣ ನೋಡಿದರು. ಅವರಿಗೆ ಗೊತ್ತಾಗಲಿಲ್ಲವೋ, ಗೊತ್ತಾಗುವುದೇ ಬೇಡವೆನಿಸಿತೋ, ನಾನು ಹೇಳಲಾರೆ. ಚನ್ನರಾಯಪಟ್ಟಣದಲ್ಲಿ ಇನ್ನೊಂದು ತಂಪು ಮನೆ ಅವರಿಗಾಗಿ ಕಾಯುತ್ತಿತ್ತು. ಬೇಗ ಹೊರಗೆ ಬಂದು, ಬೋರ್ಡಿನ ಪಕ್ಕ ಲಕ್ಕಮ್ಮನನ್ನು ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡರು. ನನ್ನ ಕಂಕುಳಲ್ಲಿದ್ದ ಕೂಸಿನ ಕೆನ್ನೆ ಸವರಿದರು.

"ಇನ್ನು ಬೇಸಿಗೇಲಿ ಪಾಪು ಆರಾಮಾಗಿ ಮಲಗುತ್ತೆ, ಅಲ್ವೇನಮ್ಮ?"

ನಾನು ಕೂಸನ್ನು ಇನ್ನೊಂದು ಕಂಕುಳಿಗೆ ಎತ್ತಿಕೊಂಡೆ.

ಲಕ್ಕಮ್ಮ ಕೇಳಿದಳು, "ಅವ್ವಾ, ಕಾಲೋನೀಲಿ ನಮ್ದೊಂದು ಶೀಟಿನ್ ಮನೆ ಅದೆ. ಅದ್ಕೂ ಆಕುಸ್ಕೊಡಿ."

"ಅದು ಆಗಲ್ಲಮ್ಮ. ಒಬ್ಬರಿಗೆ ಒಂದೇ. ನೀವು ವಾಸ ಮಾಡೋ ಮನೆ ಇದೇ ತಾನೆ?"

ಗೌಡ ಹಲ್ಲು ಕಚ್ಚಿ ನಗುತ್ತ, "ಊಂ ಅನ್ನಮ್ಮಿ," ಎಂದ.

ಲಕ್ಕಮ್ಮ ಗೌಡನನ್ನು ನೋಡಿದಳು. ಆಮೇಲೆ ಕೂಸನ್ನು ನೋಡಿದಳು.

"ಊಂ ಕಣವ್ವ. ಇದೇ ನಮ್ಮನೆ," ಎಂದಳು. ನನ್ನ ಕಡೆ ತಿರುಗಿ, "ಶಾಂತಿ, ಮನೆ ಒಲೆ ಆರ್ಸವ್ವ. ಒಳಗೆ ಸೆಕೆ," ಎಂದಳು.

ದೇವರಾಜ ಬಾಯಿ ಬಿಟ್ಟುಕೊಂಡು ನಿಂತ. ನಾನು ಕೂಸನ್ನು ಅವನ ಕೈಗೆ ತುರುಕಿದೆ. ಒಲೆಯ ಪಕ್ಕದ ತೊಟ್ಟಿಯಿಂದ ಕೊಡ ತುಂಬಿ ಉರಿಯುವ ಸೌದೆಯ ಮೇಲೆ ಸುರಿದೆ. ಬುಸ್ಸೆಂದು ಹೊಗೆ ಎದ್ದಿತು. ಇನ್ನೊಂದು ಕೊಡ ಸುರಿದೆ, ಮತ್ತೊಂದು ಸುರಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

"ಲೇ... ಲೇ..." ಎಂದ ಗೌಡ. ಬ್ಯಾರನ್ನು ಎಂದರೆ ತಾನೇ ಕಳ್ಳನಾಗುತ್ತಿದ್ದ, ಮನೆ ಎಂದರೆ ಸೊಪ್ಪು ಹೋಗುತ್ತಿತ್ತು. ಅಶೋಕ ಬೋರ್ಡನ್ನು ಮೊದಲ ಸಲ ನೋಡುವವನಂತೆ ಓದುತ್ತ ನಿಂತಿದ್ದ.

ಲಕ್ಕಮ್ಮ ಗಾಳಿಕಿಂಡಿಗಳ ಹಗ್ಗ ಎಳೆದು ಅಷ್ಟನ್ನೂ ತೆರೆದಳು. ಬಿಸಿ ಭುಸುಗುಟ್ಟುತ್ತ ಮಳೆಯೊಳಗೆ ಹೋಯಿತು. "ಗೌಡ್ರೆ, ನಮ್ಮನೇಲಿ ನಿಮ್ಮ ಸೊಪ್ಪು ಅದೆ. ಯಾವಾಗ ಎತ್ಕಂಡೋಗ್ತೀರಿ?"

"ಸೊಪ್ಪಾ? ತೋರಣ ಅಂದ್ರಲ್ಲ?" ಎಂದರು ಮೇಡಂ.

"ತೋ... ತೋರಣ್ವೇ ಮೇಡಂ," ಎಂದ ಗೌಡ. ಅವನ ಹಣೆಯ ಬೆವರು ಮೂಗಿನ ಮೇಲೆ ಇಳಿಯುತ್ತಿತ್ತು.

"ಸದ್ಯ. ಫಲಾನುಭವಿಯ ಮನೆಯನ್ನ ಬೇರೆಯವರು ಬಳಸಿದರೆ ಕೇಸಾಗುತ್ತೆ, ನೆನಪಿರಲಿ," ಎಂದು ಮೇಡಂ ಕಾರು ಹತ್ತಿದರು. ಕಾರು ಮರೆಯಾಗುವ ತನಕ ಗೌಡ ಕೈ ಮುಗಿದುಕೊಂಡೇ ನಿಂತಿದ್ದ. ಆಮೇಲೆ ತಿರುಗಿದ.

"ಆದರಗಿತ್ತಿಯರ! ಮನೆ ಬೇಕಾ ನಿಮ್ಗೆ, ಮನೆ? ಇರ್ರಿ ಒಳಗೇ! ಚಿಲ್ಕ ಆಕ್ಬುಟ್ಟು ಮತ್ತೆ ಒಲೆ ಅತ್ತುಸ್ತೀನಿ. ಸೊಪ್ಪಿನ್ ಜೊತೆ ನೀವೂ ಬೇಯಿರಿ!" ಎಂದು ಒಣ ಸೌದೆಗೂ ಆಳುಗಳಿಗೂ ತೋಟದ ಕಡೆ ಓಡಿದ.

ಬ್ಯಾರನ್ ಬಾಗಿಲಿಗೆ ಚಿಲಕ ಇರುವುದು ಹೊರಗಡೆ ಮಾತ್ರ. ಸೊಪ್ಪು ಒಳಗಿನಿಂದ ಚಿಲಕ ಹಾಕಿಕೊಳ್ಳುವುದಿಲ್ಲವಲ್ಲ. ಗೌಡ ಮಾಡುವುದಿಲ್ಲ ಎನ್ನುವ ಧೈರ್ಯ ನನಗಿರಲಿಲ್ಲ.

ದೇವರಾಜ ಕೂಸನ್ನು ನನಗೆ ಕೊಟ್ಟ. ಸೌದೆ ರಾಶಿಯ ಹಿಂದಿನಿಂದ ಹಾರೆ ತಂದು, ಬಾಗಿಲ ಸಂದಿಗೆ ಕೊಟ್ಟು ಮೀಟಿದ. ಕೀಲು ಕಿತ್ತು ಬಂತು. ತಲೆ ತಗ್ಗಿಸುವ ನನ್ನ ಗಂಡ ಬಾಗಿಲನ್ನು ತಲೆಯ ಮೇಲೆ ಹೊತ್ತು ಒಳಗೆ ತಂದ. ಮಳೆಗಾಳಿಗೆ ಆರಿದ ಕೊಳವೆಗಳ ಮೇಲೆ ಅಡ್ಡಲಾಗಿ ಹಾಕಿದ. ನಾನು ಅದರ ಮೇಲೆ ನನ್ನ ಹಳೇ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿ ಕೂಸನ್ನು ಮಲಗಿಸಿದೆ. ಅದು ಬೆರಳು ಚೀಪುತ್ತ ಮೇಲಿನ ಎಲೆಗಳನ್ನು ನೋಡುತ್ತ ನಿದ್ದೆ ಹೋಯಿತು. ಲಕ್ಕಮ್ಮ ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಎಲೆಅಡಿಕೆ ಚೀಲ ಬಿಚ್ಚಿದಳು.

ಗೌಡ ಸೌದೆ ಹೊರಿಸಿಕೊಂಡು ಬಂದ. ಆಳುಗಳು ತೆರೆದ ಬಾಗಿಲವಾಡ ನೋಡಿ ಹೊರೆ ಹೊತ್ತುಕೊಂಡೇ ನಿಂತರು. ಮೇಲಿನ ಸೊಪ್ಪು ಆಗಲೇ ಅಂಚಿನಿಂದ ಕಪ್ಪಾಗತೊಡಗಿತ್ತು.

"ಬಾಗ್ಲೆಲ್ಲಿ? ಬಾಗ್ಲು ಕೊಡ್ರಲೇ ನಂದು!" ಎಂದು ಗೌಡ ಅರಚಿದ.

ಲಕ್ಕಮ್ಮ ಎಲೆಗೆ ಸುಣ್ಣ ಸವರುತ್ತ ಹೇಳಿದಳು. "ಮೆತ್ತಗೆ ಮಾತಾಡಿ ಗೌಡ್ರೆ. ಅದ್ರ ಮ್ಯಾಲೆ ಕೂಸು ಮನಿಕಂಡೈತೆ. ಎದ್ಮೇಲೆ ಬನ್ನಿ."