ತಾಡಪತ್ರಿ ಕಟ್ಟದ ಟ್ರಿಪ್ಪು

ನನಗೆ ಸಿಟ್ಟು ಬೇಗ ಬರುತ್ತದೆ, ಅದರಲ್ಲೂ ಕಂಪ್ಯೂಟರಿನ ಮೇಲೆ. ಆ ಭಾನುವಾರವಂತೂ ಅದನ್ನು ಎತ್ತಿಕೊಂಡು ಹೋಗಿ ಬ್ಯಾಡಗಿ ಮಾರ್ಕೆಟ್ಟಿನ ಮೆಣಸಿನಕಾಯಿ ರಾಶಿಯೊಳಗೆ ಹೂತು ಬರಬೇಕು ಅನ್ನಿಸಿತ್ತು.

ನಮ್ಮಪ್ಪ ಶೇಖಪ್ಪ ಜೀವಮಾನವೆಲ್ಲ ಲಾರಿ ಹೊಡೆದವರು. ಇಲ್ಲಿಯ ಮೆಣಸಿನಕಾಯಿ ಚೀಲಗಳನ್ನು ಊರೂರಿಗೆ ಮುಟ್ಟಿಸಿದವರು. ಈಗ ಗಂಟಲಲ್ಲಿ ಗಡ್ಡೆ. ಸೋಮವಾರ ಮುಂಜಾನೆ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಬೇಕಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತೇವೆ, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು. ಅದು ಹೋಗುವ ಮೊದಲು ಹಿಡಿದಿಟ್ಟುಕೊಳ್ಳಬೇಕೆಂದು ನನಗೆ ಹಟ.

ಆದರೆ ಫೋನು ಮುಂದಿಟ್ಟು "ಏನಾರ ಮಾತಾಡಪಾ" ಅಂದರೆ, "ಏನ್ ಮಾತಾಡ್ಲಿ?" ಎಂದು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ಅಪ್ಪನಿಗೆ ಮಾತು ಬರುವುದು ಸ್ಟೇರಿಂಗ್ ಕೈಯಲ್ಲಿದ್ದಾಗ, ಅದೂ ಒಬ್ಬರೇ ಇದ್ದಾಗ. ನನ್ನ ಹತ್ತಿರ ಲಾರಿ ಓಡಿಸುವ ಗೇಮು ಇತ್ತು, ಅದಕ್ಕೆ ಹೊಂದುವ ಸ್ಟೇರಿಂಗೂ ಇತ್ತು. ಮದುವೆಯಾದ ಹೆಂಗಸು ಗೇಮ್ ಆಡುತ್ತಾಳೆಂದು ಓಣಿಯವರು ಆಡಿಕೊಂಡಿದ್ದರು, ಆಡಿಕೊಳ್ಳಲಿ. ಅಪ್ಪನನ್ನು ಅದರ ಮುಂದೆ ಕೂರಿಸಿ, ರೆಕಾರ್ಡಿಂಗ್ ಚಾಲೂ ಮಾಡಿ, ಬಾಗಿಲು ಮುಂದೆ ಮಾಡಿಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಹೊರಗಿನಿಂದಲೇ ಅವರ ಮಾತು ಕೇಳಿಸುತ್ತಿತ್ತು. ಯಾವುದೋ ಪರದೇಶದ ರಸ್ತೆಗೆ "ಇದು ಕದರಮಂಡಲಗಿ ಕ್ರಾಸು" ಅನ್ನುತ್ತ, ಅಡ್ಡ ಬಂದವರನ್ನು ಬೈಯುತ್ತ ಹೋಗುತ್ತಿದ್ದರು.

ರೆಕಾರ್ಡಿಂಗ್ ತೆಗೆದು ನೋಡಿದರೆ ಹಣೆ ಚಚ್ಚಿಕೊಳ್ಳಬೇಕು. ಮೊದಲೆರಡು ನಿಮಿಷ ಚೆನ್ನಾಗಿರುತ್ತಿತ್ತು. ಆಮೇಲೆ ಲಾರಿ ನಿಂತು ನಿಂತು ಜಿಗಿಯುತ್ತಿತ್ತು, ಅಪ್ಪನ ದನಿಯೂ ಅದರ ಜೊತೆಗೇ ತುಂಡು ತುಂಡಾಗುತ್ತಿತ್ತು.

ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳತಿ ಮೃಣಾಲಿನಿಗೆ ಫೋನ್ ಹಚ್ಚಿದೆ. "ರೆಕಾರ್ಡ್ ಮಾಡೋ ಕೆಲಸ ಪ್ರೊಸೆಸರ್ ಮ್ಯಾಲೆ ಹೇರಬ್ಯಾಡ, ಗ್ರಾಫಿಕ್ಸ್ ಕಾರ್ಡಿಗೆ ಕೊಡು. ಫ್ರೇಮ್ ಅರವತ್ತು ಇದ್ರ ಮೂವತ್ತಕ್ಕ ಇಳಿಸು. ಬ್ಯಾರೆ ಏನೇನ್ ತಗದೀದಿ, ಎಲ್ಲಾ ಮುಚ್ಚು" ಅಂದಳು. ಅವಳು ಹೇಳಿದ್ದನ್ನೆಲ್ಲ ಮಾಡಿ ನಾನೇ ಆಡಿ ನೋಡಿದೆ. ಎಣ್ಣೆ ಸುರಿದ ಹಾಗೆ ಬಂತು. ಅಪ್ಪನನ್ನು ಕೂರಿಸಿದೆ. ಮತ್ತೆ ಅದೇ ರಾಮಾಯಣ.

"ನೀ ಏನಾರ ಒತ್ತೀದಿ ಖರೇ ಹೇಳು" ಎಂದು ಅಪ್ಪನ ಮೇಲೆ ಹರಿಹಾಯ್ದೆ.

"ನಾ ಏನೂ ಒತ್ತಿಲ್ಲವಾ. ಗಾಡಿ ಹೊಡದೇನಿ ಅಷ್ಟ" ಅಂದರು. ಮಡಚಿದ ತಾಡಪತ್ರಿಯೊಂದನ್ನು ಕುರ್ಚಿಯ ಮೇಲೆ ಹಾಕಿಕೊಂಡು ಕೂತಿದ್ದರು. ಹಳೆಯ ಲಾರಿಯ ಟಾರ್ಪಾಲಿನ ತುಂಡು ಅದು, ಕೆಳಗೆ ಮೆತ್ತಗಿರಲಿ ಅಂತ ತಂದಿರಬೇಕು ಎಂದುಕೊಂಡೆ.

ಮೃಣಾಲಿನಿಗೆ ಮತ್ತೆ ಫೋನ್. "ಹಂಗಾದ್ರ ಕಂಪ್ಯೂಟರ್ ಕಾಯಾಕತ್ತೈತಿ. ಕಾದ್ರ ತಾನ ನಿಧಾನ ಆಗ್ತದ. ಒಳಗ ಗಾಳಿ ಆಡ್ತದೇನ್ ನೋಡು" ಅಂದಳು. ಮುಟ್ಟಿ ನೋಡಿದರೆ ಡಬ್ಬಿ ಹಂಚಿನ ಹಾಗೆ ಕಾದಿತ್ತು. ನಮ್ಮೂರಲ್ಲಿ ಇನ್ನೇನು ಕಾರಣ ಇದ್ದೀತು, ಮೆಣಸಿನಕಾಯಿ ಧೂಳೇ ಅಂದುಕೊಂಡೆ. ಬಿಚ್ಚಿ ಊದಿದೆ. ಕೆಂಪು ಧೂಳು ಎದ್ದು ಅಪ್ಪನೂ ನಾನೂ ಸೀನಿ ಸೀನಿ ಸಾಕಾದೆವು. ಕೆಮ್ಮಿದಾಗ ಅಪ್ಪ ಗಂಟಲು ಹಿಡಿದುಕೊಂಡಿದ್ದು ನೋಡಿ ಓಡಿಹೋಗಿ ಕಿಟಕಿ ತೆರೆದೆ.

ಸಂಜೆಯಾಗುತ್ತ ಬಂತು. ಮತ್ತೆ ಕೂರಿಸಿ ಹೊರಗೆ ಬಂದೆ. ಗುಳಿಗೆ ಕೊಡುವುದು ಮರೆತಿದ್ದೆ, ನೀರಿನ ತಂಬಿಗೆ ಹಿಡಿದು ಮತ್ತೆ ಒಳಗೆ ಹೋದೆ.

ಕಂಪ್ಯೂಟರ್ ಡಬ್ಬಿಗೆ ತಾಡಪತ್ರಿ ಹೊದಿಸಿಯಾಗಿತ್ತು. ಹಿಂದೆ, ಮುಂದೆ, ಎಲ್ಲಿಯೂ ಸಂದಿಲ್ಲ. ಮೇಲೆ ಹಗ್ಗ, ಹಗ್ಗಕ್ಕೆ ಲಾರಿಯವರ ಗಂಟು. ಅಪ್ಪ ಎರಡು ಸಲ ಅದರ ಬೆನ್ನು ತಟ್ಟಿ ಗಾಡಿ ಬಿಟ್ಟರು.

"ಅಪ್ಪಾ, ಏನ್ ಇದು?"

"ಲೋಡ್ ಐತೆಲ್ಲ" ಅಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ತಾಡಪತ್ರಿ ಕಟ್ಟಲಾರದ ನಾ ಎಂದೂ ಗಾಡಿ ಬಿಟ್ಟಾಂವಲ್ಲ. ಊರ ಮುಟ್ಟಿದ ಮ್ಯಾಲೆ ಬಿಚ್ಚತೇನಿ."

ಪ್ರತಿ ಸಲವೂ ನಾನು ಬರುವಷ್ಟರಲ್ಲಿ ಬಿಚ್ಚಿ, ಮಡಚಿ, ಅದರ ಮೇಲೇ ಕೂರುತ್ತಿದ್ದರು. ನಾನೋ ಮುಂಜಾನೆಯಿಂದ ಫ್ರೇಮು, ಧೂಳು ಅಂತ ಸಾಯುತ್ತಿದ್ದೆ. "ಅದಕ್ಕ ಉಸಿರು ಕಟ್ಟಾಕತ್ತೈತಿ, ತಲಿಗಿಲಿ ಕೆಟ್ಟೈತೇನ್ ನಿನಗ?" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಹಗ್ಗ ಬಿಚ್ಚಿ ಬಿಸಾಡಿದೆ. ಅಪ್ಪ ಗಾಡಿ ಬದಿಗೆ ಹಾಕಿ ಬ್ರೇಕು ಒತ್ತಿ ಕೂತರು.

"ತೆರದ ಲೋಡ್ ನಾ ಒಯ್ಯಾಂಗಿಲ್ಲವಾ. ಕೈ ಬರಾಂಗಿಲ್ಲ" ಅಂದರು. ಹಟವಿರಲಿಲ್ಲ ಆ ಮಾತಿನಲ್ಲಿ, ನಿಜವಾಗಿಯೂ ಬರುವುದಿಲ್ಲ ಅನ್ನುವ ಹಾಗಿತ್ತು. ಸಿಟ್ಟೆಲ್ಲ ಇಳಿದುಹೋಯಿತು ನನಗೆ. ನಾಳೆ ಈ ಹೊತ್ತಿಗೆ ಆಸ್ಪತ್ರೆಯ ಮಂಚದ ಮೇಲಿರುವ ಮನುಷ್ಯನ ಜೊತೆ ಏನು ವಾದ ಮಾಡುವುದು. ತಂಬಿಗೆ ಕೆಳಗಿಟ್ಟು ಅಲ್ಲೇ ಕೂತೆ.

"ಖಾಲಿ ಗಾಡಿಗೆ?" ಎಂದೆ.

"ಖಾಲಿ ಗಾಡಿಗೆ ಯಾತರ ತಾಡಪತ್ರಿ? ಅದು ಮನಿಗೆ ಹೊಂಟಿದ್ದು."

ಗೇಮಿನಲ್ಲಿ ಲೋಡು ಇಳಿಸಿದೆ. ಬರಿಯ ಲಾರಿ ರಸ್ತೆಯ ಮೇಲೆ ನಿಂತಿತು. "ಹಂಗಾದ್ರ ಮನಿಗೆ ಬಾ" ಎಂದು ಹೇಳಿ, ಗುಳಿಗೆ ನುಂಗಿಸಿ, ಡಬ್ಬಿಯನ್ನು ಬರಿಮೈಯಲ್ಲೇ ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಬಂದೆ.

ಅಪ್ಪ ಎದ್ದ ಮೇಲೆ ಒಬ್ಬಳೇ ಕೂತು ನೋಡಿದೆ. ಒಂದು ಕಡೆಯೂ ತಡೆಯಲಿಲ್ಲ. ಲಾರಿ ಸರಾಗ ಓಡುತ್ತಿತ್ತು, ಅಪ್ಪನ ಗೊಗ್ಗರು ದನಿ ಅದರ ಜೊತೆಗೇ ಇತ್ತು. "ಮೋಟೆಬೆನ್ನೂರ ದಾಟಿತು ಅಂದ್ರ ಬಂದಂಗ ಆತು. ನಮ್ಮ ಶ್ರೀದೇವಿ ಹೊಸ್ತಿಲ ಮ್ಯಾಲೆ ಕುಂತಿರ್ತಾಳ, ಉಣಲಾರದ. ಸಿಟ್ಟಿನ ಕೂಸು. ಯಾಕ ತಡಾ ಮಾಡಿದಿ ಅಂತ ಬೈತಾಳ. ಬೈಸ್ಕೊಳ್ಳಾಕಂತನ ಲಗೂ ಹೊಡಕೊಂಡ ಬರ್ತಿದ್ದೆ." ಎಷ್ಟೋ ವರ್ಷ ಆ ಹೊಸ್ತಿಲ ಮೇಲೆ ಕೂತವಳು ನಾನು, ಇದು ಗೊತ್ತೇ ಇರಲಿಲ್ಲ. ಜೋರಾಗಿ ಅತ್ತೆ.

ಆಪರೇಶನ್ ಆಯಿತು. ಮಾತಾಡಿಸಲು ಹೋದಾಗ ಅಪ್ಪನ ಕುತ್ತಿಗೆಗೆ ಪಟ್ಟಿ, ನಡುವೆ ನಳಿಕೆ. ತುಟಿ ಆಡುತ್ತಿತ್ತು, ಬರಿ ಗಾಳಿ. ಫೋನಿನಲ್ಲಿ ಆ ರೆಕಾರ್ಡಿಂಗ್ ಹಚ್ಚಿ ಕೈಗೆ ಕೊಟ್ಟೆ. ಕೊನೆಯವರೆಗೂ ರೆಪ್ಪೆ ಬಡಿಯದೆ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲು ತೆಗೆದು, ಫೋನನ್ನು ಹಾಸಿಗೆಯ ಮೇಲಿಟ್ಟು, ಮೇಲೆ ಹೊದಿಸಿ ನಾಲ್ಕೂ ಬದಿ ಬಿಗಿಯಾಗಿ ಸಿಗಿಸಿದರು. ಎರಡು ಸಲ ತಟ್ಟಿದರು. ತಟ್ಟಿ ನನ್ನ ಮುಖ ನೋಡುತ್ತ ಕೂತರು.

"ಮತ್ತ ಮುಚ್ಚಿದೇನ್?" ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಬೈದೆ. "ಅದಕ್ಕೂ ಉಸಿರು ಬೇಕು ಅಂತ ಎಷ್ಟ್ ಸಲ ಹೇಳ್ಬೇಕಪಾ ನಿನಗ? ಯಾವಾಗ ಬರ್ತಿ ಮನಿಗೆ, ಯಾಕ ಇಷ್ಟ್ ತಡಾ ಮಾಡಾಕತ್ತೀದಿ?"

ಅಪ್ಪನ ಭುಜಗಳು ಕುಣಿದವು. ಸದ್ದೇನೂ ಬರಲಿಲ್ಲ, ಆದರೆ ನಗುತ್ತಿದ್ದರು.