ಜೋಡಿಯಲ್ಲಿ ಒಬ್ಬರು

ಅಮ್ಮನ ನಂಬರು ನನಗೆ ಬಾಯಿಪಾಠ. ಏಳನೇ ಕ್ಲಾಸಿಗೇ ಓದು ಬಿಟ್ಟವನು ನಾನು. ಮಗ್ಗಿ ಮರೆತರೂ ಆ ಆರು ಅಂಕಿ ಮರೆತಿಲ್ಲ. ಹದಿನಾಲ್ಕು ವರ್ಷದ ಹಿಂದೆ ಸಂಶೋಧನೆಯವರು ಸಾವಿರಾರು ಹೆಂಗಸರ ರಕ್ತವನ್ನು ಒಂದೊಂದು ಟ್ಯೂಬು ತೆಗೆದುಕೊಂಡು ಹೋದಾಗ ಅವಳಿಗೆ ಕೊಟ್ಟ ನಂಬರು ಅದು. ಆಮೇಲೆ ಪ್ರತಿ ವರ್ಷ ಮನೆಗೆ ಒಂದು ಫಾರಂ. ಯಾವ ಎಣ್ಣೆ ಬಳಸುತ್ತೀರಿ, ಕರಿದದ್ದು ವಾರಕ್ಕೆ ಎಷ್ಟು ಸಲ, ಮೀನು ಎಷ್ಟು ಸಲ, ಹೊಸದಾಗಿ ಏನಾದರೂ ಕಾಯಿಲೆ ಬಂತೇ. ಅಮ್ಮನಿಗೆ ಸಣ್ಣಕ್ಷರ ಕಾಣದು. ಅವಳು ಹೇಳುವುದು, ನಾನು ಬರೆಯುವುದು. ಎಣ್ಣೆ ಕಡಿಮೆ ಅಂತ ಬರಿಯೋ, ಅವರೇನು ಬಾಣಲೆ ನೋಡೋಕೆ ಬರ್ತಾರಾ ಅನ್ನುತ್ತಿದ್ದಳು. ಈ ವರ್ಷ ಫಾರಂ ತುಂಬಿದ್ದು ಅಕ್ಕ. ನನ್ನ ತಲೆಯಿಂದ ಒಂದು ಕೆಲಸ ಇಳಿಯಿತು ಅಂತ ನಾನು ಖುಷಿಪಟ್ಟೆ, ಪೆದ್ದ.

ಆ ಟ್ಯೂಬುಗಳನ್ನು ಇಟ್ಟಿರುವ ಕಟ್ಟಡದಲ್ಲೇ ಮೂರು ವರ್ಷದಿಂದ ನನಗೆ ಕೆಲಸ. ದಪ್ಪ ಕೈಗವಸು ಹಾಕಿಕೊಂಡು ಫ್ರೀಜರು ತೆಗೆಯಬೇಕು, ಪಟ್ಟಿಯಲ್ಲಿರುವ ಟ್ಯೂಬು ಹುಡುಕಬೇಕು, ಕರಗುವುದರೊಳಗೆ ಮಂಜುಗಡ್ಡೆಯ ಡಬ್ಬಿಗೆ ಇಳಿಸಬೇಕು. ಇದುವರೆಗೆ ಒಂದೇ ಒಂದು ಟ್ಯೂಬೂ ನನ್ನ ಕೈಜಾರಿಲ್ಲ.

ಮಂಗಳವಾರ ಹೊಸ ಪಟ್ಟಿ ಬಂತು. ಸಾಲಿಗೆ ಎರಡು ನಂಬರು. ಒಬ್ಬಳು ಆಮೇಲೆ ಸ್ತನ ಕ್ಯಾನ್ಸರ್ ಬಂದವಳು, ಇನ್ನೊಬ್ಬಳು ಅವಳದೇ ವಯಸ್ಸಿನ, ಕಾಯಿಲೆ ಬಾರದವಳು. ಇಬ್ಬರೂ ಗಟ್ಟಿಮುಟ್ಟಾಗಿದ್ದಾಗ ಕೊಟ್ಟ ರಕ್ತದಲ್ಲಿ ಎಣ್ಣೆ, ಮೀನಿನಿಂದ ಮೈಗೆ ಸೇರುವ ಯಾವ ಕೊಬ್ಬಿನಾಮ್ಲ ಹೆಚ್ಚಿತ್ತು, ಯಾವುದು ಕಡಿಮೆ ಇತ್ತು ಅಂತ ಅಳೆಯುತ್ತಾರೆ. ಯಾರು ಕಾಯಿಲೆಯವಳು ಅಂತ ಪಟ್ಟಿಯಲ್ಲಿ ಬರೆದಿರುವುದಿಲ್ಲ. ಅಳೆಯುವವರಿಗೂ ಗೊತ್ತಾಗಬಾರದು, ಅದು ಅವರ ಕ್ರಮ.

ನಲವತ್ತೆರಡನೇ ಸಾಲಿನಲ್ಲಿ ಅಮ್ಮ ಇದ್ದಳು.

ಕಾಯಿಲೆ ಬಾರದವಳೇ ಇರಬೇಕು, ನನ್ನ ಅಮ್ಮ ತಾನೇ, ಬೆಳಿಗ್ಗೆ ತಾನೇ ನನಗೆ ಬೈದು ಕಳಿಸಿದ್ದಾಳೆ ಅಂದುಕೊಂಡೆ. ಅಷ್ಟರಲ್ಲಿ ಈ ವರ್ಷದ ಫಾರಂ ಅಕ್ಕ ತುಂಬಿದ್ದು ನೆನಪಾಯಿತು. ಅಕ್ಕನ ಮಗುವನ್ನು ನೋಡಿಕೊಳ್ಳಲು ಅಂತ ಅಮ್ಮ ಹೋಗಿ ಇಪ್ಪತ್ತು ದಿನ ಬಾರದೇ ಇದ್ದದ್ದು ನೆನಪಾಯಿತು. ಟ್ಯೂಬನ್ನು ಡಬ್ಬಿಗೆ ಇಳಿಸಿ, ಪಟ್ಟಿ ಹಿಡಿದು ಸಂಶೋಧನೆ ನಡೆಸುವ ಡಾಕ್ಟರಮ್ಮನ ಕೋಣೆಗೆ ಹೋದೆ. ಬೆರಳಿಟ್ಟು ತೋರಿಸಿ, ಇವಳು ಎರಡರಲ್ಲಿ ಯಾವುದು ಅಂತ ಕೇಳಿದೆ. ಅದು ತನಗೂ ಕಾಣುವುದಿಲ್ಲ, ಕಂಡರೂ ಹೇಳುವಂತಿಲ್ಲ ಅಂದರು. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಿರಬೇಕು. ಒಬ್ಬರ ಟ್ಯೂಬಿನಿಂದ ಒಬ್ಬರ ಹಣೆಬರಹ ಓದಲಾಗದು, ಸಾವಿರಾರು ಜನರದ್ದು ಒಟ್ಟಿಗೆ ನೋಡಿದರೆ ಏನಾದರೂ ಒಂದಿಷ್ಟು ಕಾಣಬಹುದು, ಅದೂ ಖಾತ್ರಿಯಿಲ್ಲ ಅಂತ ಮೆತ್ತಗೆ ಹೇಳಿದರು. ಆಮೇಲೆ ಒಂದು ಮಾತು: "ಇದನ್ನ ಮನೇಲಿ ಕೇಳಪ್ಪ."

ಕೇಳಿದೆ. ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಅಕ್ಕನೂ ಬಂದಿದ್ದಳು. ನನ್ನ ಪ್ರಶ್ನೆಗೆ ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರ ಅಲ್ಲೇ ಸಿಕ್ಕಿತು.

ಎಂಟು ತಿಂಗಳಾಗಿತ್ತು. ಎಡಗಡೆ ಗಂಟು. ಆ ಇಪ್ಪತ್ತು ದಿನ ಅವಳು ಮಗು ಆಡಿಸಲಿಲ್ಲ, ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಮೂರು ವಾರಕ್ಕೊಮ್ಮೆ ಔಷಧಿ ಏರಿಸುತ್ತಾರೆ. ಅಕ್ಕನಿಗೆ ಗೊತ್ತು, ಭಾವನಿಗೆ ಗೊತ್ತು, ಫಾರಂ ಓದುವ ಯಾರೋ ಗುಮಾಸ್ತನಿಗೂ ಗೊತ್ತು. ಒಂದೇ ಸೂರಿನ ಕೆಳಗೆ ಉಣ್ಣುವ ನನಗೆ ಮಾತ್ರ ಗೊತ್ತಿಲ್ಲ. ತಲೆಗೆ ಬಟ್ಟೆ ಕಟ್ಟಿದ್ದು ಯಾಕೆ ಅಂದಿದ್ದಕ್ಕೆ ಶೀತ ಅಂದಿದ್ದಳು. ನಾನು ನಂಬಿದ್ದೆ.

ನನ್ನ ಹತ್ತಿರ ಯಾಕೆ ಮುಚ್ಚಿಟ್ಟಿರಿ ಅಂದೆ. ಅಕ್ಕ ಏನೋ ಹೇಳಲು ಹೋದಳು, ಅಮ್ಮ ಕೈಯಾಡಿಸಿ ಸುಮ್ಮನಿರಿಸಿದಳು.

"ಅಪ್ಪ ಹೋದ ದಿನ ನೀನು ಆಸ್ಪತ್ರೆ ಬಾಗಿಲ ಗಾಜು ಒಡೆದೆ. ಆ ನರ್ಸಮ್ಮನ್ನ ಅಳಿಸಿದೆ. ನನಗೆ ಆ ಆಸ್ಪತ್ರೆಯವರ ಹತ್ರ ಇನ್ನೂ ಕೆಲಸ ಇದೆ ಕಣೋ."

"ಆರು ವರ್ಷ ಆಯ್ತಲ್ಲಮ್ಮ ಅದಾಗಿ."

"ಆಯ್ತು. ಇವತ್ತು ಬಾಗಿಲು ಹೇಗೆ ತಳ್ಕೊಂಡು ಬಂದೆ, ನೀನೇ ಹೇಳು."

ನನ್ನನ್ನು ಹುಚ್ಚುನಾಯಿ ಅಂದುಕೊಂಡಿದ್ದೀರಾ ಅಂದೆ. ಅಕ್ಕ ಅಳತೊಡಗಿದಳು. ಅಮ್ಮ ಅಳಲಿಲ್ಲ. ಎಣ್ಣೆಯಿಂದ ಬಂತಾ ಇದು ಅಂತ ನಿಮ್ಮ ಡಾಕ್ಟರಮ್ಮನ್ನ ಕೇಳಿದೆಯಾ ಅಂದಳು. ಹಾಗೆಲ್ಲ ಹೇಳೋಕಾಗಲ್ಲವಂತೆ ಅಂದೆ. ಮತ್ತೆ ಅಷ್ಟು ವರ್ಷ ಸುಳ್ಳು ಬರೆಸಿದ್ದು ದಂಡವಾಯಿತಲ್ಲೋ ಅಂತ ನಕ್ಕಳು. ಅವಳಿಗೆ ನಗು ಬರುತ್ತಿದೆಯಲ್ಲ ಅಂತ ನನಗೆ ಮೈ ಉರಿಯಿತು.

ಗುರುವಾರ ಔಷಧಿಯ ದಿನ. ಬರುತ್ತೇನೆ ಅಂದೆ. ಅಕ್ಕ ಬರುತ್ತಾಳಲ್ಲ ಅಂದಳು ಅಮ್ಮ. ನಾನು ಹಟ ಹಿಡಿದೆ. ಬಾಯಿ ಮುಚ್ಚಿಕೊಂಡು ಕೂರುವುದಾದರೆ ಬಾ ಅಂದಳು.

ಬಾಯಿ ಮುಚ್ಚಿಕೊಂಡೇ ಕೂತೆ. ಎರಡು ಗಂಟೆ, ಅಮ್ಮ, ಅಕ್ಕನ ಪಕ್ಕದಲ್ಲಿ, ಕೈ ತೊಡೆಯ ಕೆಳಗೆ ಇಟ್ಟುಕೊಂಡು. ನರ್ಸು ಬಂದು ಅಮ್ಮನಿಗೆ, ಜೊತೆಗೆ ಯಾರಿದ್ದಾರೆ, ಒಬ್ಬರು ಒಳಗೆ ಬರಬಹುದು ಅಂದರು. ನಾನು ಎದ್ದು ನಿಂತೇಬಿಟ್ಟಿದ್ದೆ.

ಅಮ್ಮ ನನ್ನ ಕಡೆ ತಿರುಗಲಿಲ್ಲ. "ಮಗಳು ಬಂದಿದ್ದಾಳೆ" ಅಂದಳು.