ಆಲಿಕೆ ತೆಗೆದ ದಿನ

ಒಣ ಗಾಜಿನ ಜಾಡಿಯೊಳಗೆ ಇಳಿಬಿಟ್ಟ ನೀಲಿ ಲಿಟ್ಮಸ್ ಕಾಗದ ನೀಲಿಯಾಗಿಯೇ ಉಳಿಯಿತು. ಜಾಡಿಯ ತುಂಬ ಹೈಡ್ರೋಜನ್ ಕ್ಲೋರೈಡ್ ಅನಿಲವಿತ್ತು. ಅದೇ ಕಾಗದವನ್ನು ಒದ್ದೆ ಮಾಡಿ ಮತ್ತೆ ಇಳಿಬಿಟ್ಟೆ, ಥಟ್ಟನೆ ಕೆಂಪಾಯಿತು. "ನೋಡಿ ಮಕ್ಕಳೇ, ನೀರು ಸೇರುವ ತನಕ ಇದು ಆಮ್ಲವಲ್ಲ," ಎಂದೆ. ಹಿಂದಿನ ಬೆಂಚಿನಲ್ಲಿದ್ದ ಇನ್ಸ್‌ಪೆಕ್ಟರರು "ಭೇಷ್ ಮಾಸ್ತರ!" ಎಂದು ಚಹಾಕ್ಕೆ ಎದ್ದರು. ಮಕ್ಕಳೂ ಬಯಲಿಗೆ ಓಡಿದರು. ಆ ಒಂದು ಮಾತು ನನ್ನನ್ನು ಅಟ್ಟಕ್ಕೇರಿಸಿತು.

ಪ್ರಯೋಗಶಾಲೆಯ ಜವಾನ ಯಮನೂರಪ್ಪ ಒಂಬತ್ತು ವರ್ಷದಿಂದ ಹಂಗಾಮಿ. ಅವನನ್ನು ಕಾಯಂ ಮಾಡುವ ಕಾಗದಕ್ಕೆ ಅಂದು ಇನ್ಸ್‌ಪೆಕ್ಟರರ ಸಹಿ ಬೀಳುವುದಿತ್ತು. ಪಾಪ, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಮುಂದಿನ ಪ್ರಯೋಗ, ಅನಿಲವನ್ನು ನೀರಿನಲ್ಲಿ ಕರಗಿಸುವುದು. ಉಪ್ಪೂ ಗಂಧಕಾಮ್ಲವೂ ಕಾಯುತ್ತಿದ್ದ ಫ್ಲಾಸ್ಕಿನ ಕೊಳವೆಯ ತುದಿಗೆ ಅವನು ಆಲಿಕೆಯನ್ನು, ಅಂದರೆ ಫನೆಲ್ಲನ್ನು, ಬೋರಲು ಸಿಕ್ಕಿಸಿ, ನೀರು ಕೊಳವೆಯೊಳಗೆ ಏರದಂತೆ ಅಂಚು ನೀರಿಗೆ ತಾಗಿಯೂ ತಾಗದ ಹಾಗೆ ಇಟ್ಟಿದ್ದ. ಚಹಾ ಮುಗಿಸಿ ಬರುವ ಸಾಹೇಬರ ಕಣ್ಣಿಗೆ ಅದು ಅಡ್ಡವಾದೀತೆಂದು ನಾನು ಆಲಿಕೆ ಕಿತ್ತು ಕೊಳವೆಯನ್ನೇ ನೀರಿಗೆ ಅದ್ದಿದೆ.

"ಸರ, ಬ್ಯಾಡ್ರಿ! ನೀರು ಹಿಂದಕ್ಕ ಜಗ್ಗತೈತಿ."

"ಸುಮ್ನಿರೋ, ಪಾಠ ನನಗ ಹೇಳ್ತೀಯೇನು?"

ಆ ಅನಿಲಕ್ಕೆ ನೀರೆಂದರೆ ಅಷ್ಟು ಆಸೆ. ಕ್ಷಣದಲ್ಲಿ ಕರಗಿ ಕೊಳವೆ ಬರಿದಾಯಿತು. ತಣ್ಣೀರು ಸರ್ರನೆ ಕಾದ ಫ್ಲಾಸ್ಕಿಗೆ ಏರಿತು. ಯಮನೂರಪ್ಪ ನನ್ನನ್ನು ಪಕ್ಕಕ್ಕೆ ನೂಕಿದ. ಫ್ಲಾಸ್ಕು ಸಿಡಿಯಿತು. ಆಮ್ಲ ಬಿದ್ದದ್ದು ಅವನ ಬಲಗೈ ಮೇಲೆ.

ಸದ್ದು ಕೇಳಿ ಓಡಿ ಬಂದ ಹೆಡ್‌ಮಾಸ್ತರರು, "ಯಾರು ಇದನ್ನ ಜೋಡಿಸಿದ್ದು?" ಎಂದರು. ನನ್ನ ನಾಲಿಗೆ ಆಗಲೇ ಸೇದಿಹೋಗಬಾರದಿತ್ತೇ! "ಯಮನೂರಪ್ಪ," ಎಂದೆ. ಪೂರ್ತಿ ಸುಳ್ಳೂ ಅಲ್ಲ, ನೋಡಿ. ನನ್ನಂಥವರಿಗೆ ಅಷ್ಟೇ ಸಾಕು. ಬಕೆಟ್ಟಿನ ನೀರಿನಲ್ಲಿ ಕೈ ಅದ್ದಿಕೊಂಡು ಕುಳಿತಿದ್ದ ಅವನು ತಲೆಯೆತ್ತಿ ನನ್ನನ್ನೇ ನೋಡಿದ.

"ಹೌದ್ರಿ, ನಾನಽ ಜೋಡಿಸಿದ್ದು," ಎಂದ.

ಸಹಿ ಬೀಳಲಿಲ್ಲ. ವಾರದೊಳಗೆ ಅವನನ್ನು ಕೆಲಸದಿಂದ ತೆಗೆದರು. ಆ ವಾರವಿಡೀ ಬಾಯಿ ಬಿಡಲು ನನಗೆ ಸಮಯವಿತ್ತು. ನಾನೋ, ಉಳಿದ ತರಗತಿಗಳಿಗೂ ಲಿಟ್ಮಸ್ ಕೆಂಪಾಗಿಸಿ ತೋರಿಸಿ ಚಪ್ಪಾಳೆ ಹೊಡೆಸಿಕೊಂಡೆ. ಹೇಡಿ!

ಐದು ವರ್ಷಗಳ ಮೇಲೆ, ಶಾಲೆ ತೆರೆದ ಮೊದಲ ದಿನ, ಎಂಟನೆಯ ತರಗತಿಯಲ್ಲಿ ಹೊಸ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ, ನಾ ಯಮನೂರಪ್ಪನ ಮಗಳ್ರಿ. ವಿಜ್ಞಾನ ಕಲಿಯೂದಿದ್ರ ನಿಮ್ಮ ಕಡೇನಽ ಕಲೀಬೇಕಂತ ನಮ್ಮಪ್ಪ ಹೇಳ್ಯಾನ್ರಿ. ನಿಮ್ಮಂಥ ಮಾಸ್ತರ ಊರಾಗಿಲ್ಲಂತ."

"ಅಪ್ಪ ಈಗ ಏನು ಮಾಡ್ತಾನವ್ವಾ?"

"ಇಟ್ಟಂಗಿ ಭಟ್ಟಿಗೆ ಹೋಗ್ತಾನ್ರಿ. ಬಲಗೈ ಪೂರ್ತಿ ಮಡಚಾಂಗಿಲ್ರಿ."

ನಾನು ಕರಿಹಲಗೆಯ ಕಡೆ ತಿರುಗಿದೆ. ಅವಳು ತಾನೇ ಮುಂದಿನ ಬೆಂಚಿನಲ್ಲಿ ಕುಳಿತಳು. ಹೊಸ ನೋಟುಬುಕ್ಕಿನ ಮೊದಲ ಪುಟ ತೆರೆದು, ನಾನು ಹೇಳುವುದನ್ನೆಲ್ಲ ಬರೆದುಕೊಳ್ಳಲು ಪೆನ್ಸಿಲು ಹಿಡಿದು ಕಾದಳು.